ಗದ್ದ ಸ್ವಲ್ಪ ಮೇಲೆ

ಊರಿನಲ್ಲಿ ಅವನನ್ನು ಗದ್ದಪ್ಪ ಅನ್ನದವರಿಲ್ಲ. ಮೂವತ್ತು ವರ್ಷದಿಂದ ತನ್ನ ಸ್ಟುಡಿಯೋದ ಸ್ಟೂಲಿನ ಮೇಲೆ ಕೂತವರಿಗೆಲ್ಲ, ಅದು ಹಲ್ಲು ಬಾರದ ಮಗುವಾಗಲಿ, ಪೆನ್ಷನ್ ಅರ್ಜಿಗೆ ಬಂದ ಮುದುಕನಾಗಲಿ, ‘ಗದ್ದ ಸ್ವಲ್ಪ ಮೇಲೆ’ ಎಂದು ಹೇಳಿ ಹೇಳಿ, ಅಪ್ಪ ಅಮ್ಮ ಇಟ್ಟ ಹೆಸರನ್ನು ಅವನೇ ಅಳಿಸಿಹಾಕಿಕೊಂಡಿದ್ದ. ಅವನಿಗೇನೂ ಬೇಸರವಿರಲಿಲ್ಲ. ಬೇಸರವೆಲ್ಲ ಅವನ ಹೆಂಡತಿಗೆ. ಮದುವೆಯಾಗಿ ಬಂದ ಹೊಸದರಲ್ಲಿ ತರಕಾರಿ ಅಂಗಡಿಯವನು ‘ಏನಮ್ಮಾ ಗದ್ದಮ್ಮಾ’ ಎಂದಾಗ ಅವಳು ತುಂಬಿದ ಚೀಲವನ್ನು ಅಲ್ಲೇ ಬಿಟ್ಟು ಮನೆಗೆ ನಡೆದಿದ್ದಳು. ಆಮೇಲೆ ಅದೂ ಅಭ್ಯಾಸವಾಯಿತು. ಮನುಷ್ಯರಿಗೆ ಯಾವುದು ತಾನೇ ಅಭ್ಯಾಸವಾಗುವುದಿಲ್ಲ ಹೇಳಿ. ಹೊಗೆಯೂ ಅಭ್ಯಾಸವಾಯಿತಲ್ಲ.

ಬೆಟ್ಟದಾಚೆಯ ಕಾಡಿಗೆ ಬೆಂಕಿ ಬಿದ್ದು ನಲವತ್ತು ದಿನ ಕಳೆದಿತ್ತು. ಉರಿ ಆರಿತೆಂದು ರೇಡಿಯೋದಲ್ಲಿ ಮೂರು ಸಲ ಹೇಳಿದರು. ಮೇಲಿನ ಉರಿ ಆರಿರಬಹುದು, ನೆಲದ ಕೆಳಗೆ ಬೇರುಗಳು ಒಳಗೊಳಗೇ ಬೇಯುತ್ತಿದ್ದವು. ಸುತ್ತ ಬೆಟ್ಟ, ನಡುವಿನ ತಗ್ಗಿನಲ್ಲಿ ಊರು. ಬಂದ ಹೊಗೆ ಹೋಗುವ ಮಾತೇ ಎತ್ತಲಿಲ್ಲ, ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ ಕೂತುಬಿಟ್ಟಿತು. ಜನ ಕಿಟಕಿಯ ಸಂದಿಗಳಿಗೆ ಟೇಪು ಅಂಟಿಸಿದರು, ಬಾಗಿಲ ಕೆಳಗೆ ಒದ್ದೆ ಬಟ್ಟೆ ತುರುಕಿದರು. ಒಗೆದದ್ದೆಲ್ಲ ಮನೆಯೊಳಗೇ ಒಣಗಬೇಕು, ಒಣಗಿದ ಮೇಲೂ ಅದೇ ಕಮಟು ವಾಸನೆ. ಗದ್ದಪ್ಪನ ಮನೆ, ಸ್ಟುಡಿಯೋ ಎರಡೂ ಒಂದೇ ಕಟ್ಟಡದ ಮೂರನೇ ಮಹಡಿಯಲ್ಲಿ. ಕೆಮ್ಮು ಕೇಳಿಯೇ ಮೆಟ್ಟಿಲು ಹತ್ತುತ್ತಿರುವವರು ಯಾರೆಂದು ಗದ್ದಮ್ಮ ಹೇಳಬಲ್ಲವಳಾಗಿದ್ದಳು. ಒಣಕೆಮ್ಮು ಎರಡನೇ ಮಹಡಿಯ ದರ್ಜಿಯದು, ಗೊರಗೊರ ಅನ್ನುವುದು ಅವನ ಅತ್ತೆಯದು. ಇಡೀ ಕಟ್ಟಡದಲ್ಲಿ ಕೆಮ್ಮದೆ ಇದ್ದವನು ಗದ್ದಪ್ಪ ಒಬ್ಬನೇ. ನಂದು ಗಟ್ಟಿ ಎದೆ ಕಣೇ ಎಂದು ತಟ್ಟಿ ತೋರಿಸುತ್ತಿದ್ದ. ಅವನಿಗೆ ಹೊಸದಾಗಿ ಅಂಟಿಕೊಂಡಿದ್ದ ಒಂದೇ ಕೆಟ್ಟ ಚಾಳಿ ಎಂದರೆ, ಬಚ್ಚಲಿಗೆ ಹೋದರೆ ನಲ್ಲಿ ಪೂರ್ತಿ ಬಿಟ್ಟುಕೊಂಡು ಹತ್ತು ನಿಮಿಷ ಹೊರಗೇ ಬರುತ್ತಿರಲಿಲ್ಲ. ನೀರೇನು ಪುಕ್ಕಟೆ ಬರುತ್ತಾ ಎಂದು ಅವಳು ದಿನಾ ಗೊಣಗುತ್ತಿದ್ದಳು.

ಅವಳಿಗೋ ಚಿಕ್ಕಂದಿನಿಂದ ಉಬ್ಬಸ. ಮೊದಲ ವಾರದಲ್ಲೇ ಡಾಕ್ಟರು ಚೀಟಿ ಬರೆದುಕೊಟ್ಟು, ಇವರನ್ನು ಊರು ಬಿಡಿಸಿ ಎಂದು ಗದ್ದಪ್ಪನಿಗೆ ಖಡಾಖಂಡಿತವಾಗಿ ಹೇಳಿದ್ದರು. ಸಮುದ್ರದ ದಡದ ಊರಿನಲ್ಲಿ ಅವಳ ಅಕ್ಕ ಇದ್ದಳು, ಭಾವನೂ ಒಳ್ಳೆಯವನು, ಬನ್ನಿ ಬನ್ನಿ ಎಂದು ದಿನಾ ಫೋನು. ಇಬ್ಬರೂ ಹೋಗಬಹುದಿತ್ತು. ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ಕೇಳುತ್ತೀರಿ ತಾನೇ? ಸೂರ್ಯನಿಂದ.

ಈ ಹಾಳು ಹೊಗೆಯಲ್ಲಿ ಚೆಂದ ಅಂತಿದ್ದದ್ದು ಅದೊಂದೇ. ನಾಲ್ಕು ಗಂಟೆಗೆ ಸೂರ್ಯ ತಾಮ್ರದ ಬಣ್ಣಕ್ಕೆ ತಿರುಗುತ್ತಿದ್ದ. ಐದೂವರೆಗೆ ಕೆಂಪು ಬಿಲ್ಲೆ. ಕಣ್ಣು ಕಿರಿದು ಮಾಡದೆ ನೆಟ್ಟ ನೋಟದಲ್ಲಿ ನೋಡಬಹುದು, ಅಂಥ ಕೆಂಪು. ಸುತ್ತಲಿನ ಆಕಾಶ ಮೊದಲು ಕಿತ್ತಳೆ, ಆಮೇಲೆ ಗುಲಾಬಿ, ಆಮೇಲೆ ಹೆಸರಿಲ್ಲದ ಇನ್ಯಾವುದೋ ಬಣ್ಣ. ಕೊನೆಗೆ ಅವನು ಮುಳುಗುತ್ತಲೂ ಇರಲಿಲ್ಲ, ಬೆಟ್ಟಕ್ಕಿಂತ ಎಷ್ಟೋ ಮೇಲೆಯೇ ಹೊಗೆಯಲ್ಲಿ ಕರಗಿಹೋಗುತ್ತಿದ್ದ. ಕರಗಿದ್ದೇ ತಡ, ಕತ್ತಲೆ.

ಮೂವತ್ತು ವರ್ಷ ಬಿಳಿ ಪರದೆಯ ಮುಂದೆ ಜನರ ಮುಖ ತೆಗೆದವನು ಗದ್ದಪ್ಪ. ಅವನ ಫೋಟೋಗಳನ್ನು ಜನ ಅರ್ಜಿಗೆ ಅಂಟಿಸುತ್ತಿದ್ದರೇ ಹೊರತು ಗೋಡೆಗೆ ಹಾಕಿದ್ದಿಲ್ಲ. ಆರನೇ ದಿನ ಸುಮ್ಮನೆ ತಾರಸಿಗೆ ಹೋಗಿ ಒಂದು ಸೂರ್ಯಾಸ್ತ ತೆಗೆದು ಕೆಳಗಿನ ಗಾಜಿನ ಪೆಟ್ಟಿಗೆಯಲ್ಲಿ ತೂಗುಹಾಕಿದ. ಮರುದಿನ ಮದುವೆ ಗೊತ್ತಾಗಿದ್ದ ಒಂದು ಜೋಡಿ ಬಂತು. ಅದರ ಹಿಂದೆ ಇನ್ನೊಂದು. ಹತ್ತು ದಿನದಲ್ಲಿ ತಾರಸಿಯ ಮೆಟ್ಟಿಲ ಮೇಲೆ ಸಾಲು ನಿಂತಿತು. ಹುಡುಗ ಹುಡುಗಿ ಮಾಸ್ಕು ತೆಗೆಯುವುದು, ಉಸಿರು ಬಿಗಿಹಿಡಿದು ನಗುವುದು, ಕ್ಲಿಕ್ ಆದದ್ದೇ ಮಾಸ್ಕು ಹಾಕಿಕೊಂಡು ಕೆಮ್ಮುತ್ತ ಕೆಳಗೆ ಓಡುವುದು. ನೀನು ಆರ್ಟಿಸ್ಟ್ ಕಣಯ್ಯ ಎಂದು ಯಾರೋ ಗದ್ದಪ್ಪನಿಗೆ ಹೇಳಿದರು. ಐವತ್ತೈದು ದಾಟಿದ ಮನುಷ್ಯನಿಗೆ ಅಂಥ ಮಾತು ಹೇಳಬಾರದು. ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಈ ಕೆಲಸದಲ್ಲಿ ಗದ್ದಮ್ಮನದೂ ಒಂದು ಪಾಲಿತ್ತು. ಗಿರಾಕಿಗಳು ಬರುವ ಮೊದಲು ಅವಳು ತಾರಸಿಯ ಪಶ್ಚಿಮದ ಮೋಟುಗೋಡೆಯ ಪಕ್ಕ ನಿಲ್ಲಬೇಕು. ಅವಳನ್ನು ನಿಲ್ಲಿಸಿಕೊಂಡು ಗದ್ದಪ್ಪ ಆ ದಿನದ ಬೆಳಕು ಹೊಂದಿಸುತ್ತಿದ್ದ. ಆಕಾಶಕ್ಕೆ ಲೈಟು ಇಟ್ಟರೆ, ಅಂದರೆ ಕ್ಯಾಮೆರಾದ ಡಯಲನ್ನು ಆಕಾಶದ ಬೆಳಕಿಗೆ ಹೊಂದಿಸಿದರೆ, ಬಣ್ಣವೆಲ್ಲ ಚೆನ್ನಾಗಿ ಬರುತ್ತದೆ, ಮುಂದೆ ನಿಂತವರು ಮಾತ್ರ ಮಸಿ ಬಳಿದ ಹಾಗೆ ಕಪ್ಪಗೆ ಕಾಣುತ್ತಾರೆ. ಮುಖಕ್ಕೆ ಲೈಟು ಇಟ್ಟರೆ ಮುಖ ಕಾಣುತ್ತದೆ, ಆಕಾಶ ಬೆಳ್ಳಗೆ ಸುಟ್ಟುಹೋಗುತ್ತದೆ. ಎರಡೂ ಬೇಕು ಅಂದರೆ ಆಗುವುದಿಲ್ಲ. ಜನ ಬರುತ್ತಿದ್ದದ್ದು ಆಕಾಶಕ್ಕೆ. ಹಾಗಾಗಿ ದಿನಕ್ಕೊಂದರಂತೆ ತೆಗೆದ ಟೆಸ್ಟ್ ಫೋಟೋಗಳಲ್ಲೆಲ್ಲ ಗದ್ದಮ್ಮ ಕಪ್ಪು ಆಕೃತಿ, ಹಿಂದೆ ಬೆಂಕಿಯ ಹಾಗೆ ಹೊಳೆಯುವ ಆಕಾಶ. ಅಕ್ಕನಿಗೆ ಒಂದನ್ನು ಕಳಿಸಿದಾಗ ಅವಳು ಫೋನು ಮಾಡಿ, ಎಷ್ಟು ಚೆಂದದ ಜಾಗದಲ್ಲಿದ್ದೀಯೇ ನೀನು ಎಂದಳು. ಗದ್ದಮ್ಮನಿಗೆ ಫೋನನ್ನು ಗೋಡೆಗೆ ಎಸೆಯಬೇಕು ಅನ್ನಿಸಿತು.

ತೆಗೆಯುವುದು ಗಂಡ, ಕಂಪ್ಯೂಟರಿನಲ್ಲಿ ತಿದ್ದುವುದು ಹೆಂಡತಿ. ಮೊಡವೆ ಅಳಿಸಿ, ಕಣ್ಣಿನ ಕೆಳಗಿನ ಕಪ್ಪು ಕಡಿಮೆ ಮಾಡಿ, ಮದುಮಗಳ ತುಟಿಗೆ ಒಂದಿಷ್ಟು ಕೆಂಪು ತುಂಬುವುದರಲ್ಲಿ ಅವಳ ಕೈ ಪಳಗಿತ್ತು. ಟೆಸ್ಟ್ ಫೋಟೋಗಳನ್ನು ದಿನಾ ಅಳಿಸಬೇಕು, ಅದೂ ಅವಳದೇ ಕೆಲಸ. ಹತ್ತನೇ ದಿನದಿಂದ ಅಳಿಸುವುದನ್ನು ನಿಲ್ಲಿಸಿದಳು. ತನ್ನ ಆಕೃತಿಯಲ್ಲಿ ಅವಳಿಗೇನೋ ಕಂಡಿತ್ತು. ಹತ್ತನೇ ದಿನ ಅವಳು ನೆಟ್ಟಗೆ ನಿಂತಿದ್ದಳು. ಹದಿನಾರಕ್ಕೆ ಒಂದು ಕೈ ಗೋಡೆಯ ಮೇಲೆ. ಇಪ್ಪತ್ತಕ್ಕೆ ಎರಡೂ ಕೈ. ಇಪ್ಪತ್ತೇಳಕ್ಕೆ ಭುಜಗಳು ಕಿವಿಯ ಹತ್ತಿರ ಬಂದಿವೆ, ಬಾಯಿ ತೆರೆದಿದೆ, ಕಪ್ಪು ಮುಖದ ಅಂಚಿನಲ್ಲಿ ತೆರೆದ ಬಾಯಿ ಸ್ಪಷ್ಟವಾಗಿ ಕಾಣುತ್ತಿದೆ. ಮೂವತ್ತೈದಕ್ಕೆ ಸ್ಟೂಲಿನ ಮೇಲೆ ಕೂತಿದ್ದಾಳೆ.

ಒಂದು ಮಧ್ಯಾಹ್ನ ಇವನ್ನೆಲ್ಲ ಸಾಲಾಗಿ ಪರದೆಯ ಮೇಲೆ ಜೋಡಿಸಿ ಗಂಡನನ್ನು ಕರೆದು ಕೂರಿಸಿದಳು. ಬಾಯಿಬಿಟ್ಟು ಹೇಳಲಿಲ್ಲ. ಹೇಳಿದರೆ ಅವನು ಇನ್ನೆರಡು ದಿನ ಅನ್ನುತ್ತಾನೆಂದು ಅವಳಿಗೆ ಗೊತ್ತಿತ್ತು. ನೋಡಲಿ, ಅವನೇ ನೋಡಲಿ, ಫೋಟೋ ನೋಡುವುದೇ ಅವನ ಕಸುಬಲ್ಲವೇ. ಗದ್ದಪ್ಪ ಕನ್ನಡಕ ಹಾಕಿಕೊಂಡು ಒಂದೊಂದನ್ನೂ ನಿಧಾನವಾಗಿ ನೋಡಿದ. ಹಿಂದೆ ಹೋದ, ಮುಂದೆ ಬಂದ.

“ಹತ್ತೊಂಬತ್ತನೇದು,” ಎಂದ. “ಹತ್ತೊಂಬತ್ತನೇದರ ಬಣ್ಣಾನೇ ಬಣ್ಣ.”

ಅವಳು ಎದ್ದು ಒಳಗೆ ಹೋಗಿ ಬಾಗಿಲ ಕೆಳಗಿನ ಬಟ್ಟೆಯನ್ನು ಮತ್ತೆ ಒದ್ದೆ ಮಾಡಿದಳು. ಆ ಹೊತ್ತಿನಲ್ಲಿ ಅವಳಿಗೆ ಗಂಡನ ಮೇಲೆ ಬಂದದ್ದು ಸಿಟ್ಟಲ್ಲ, ಭಯ. ಇಷ್ಟು ಹತ್ತಿರ ಕೂತು ನೋಡಿದವನಿಗೇ ಕಾಣದಿದ್ದರೆ ತಾನು ಈ ಕೋಣೆಯಲ್ಲಿ ಯಾರಿಗೂ ತಿಳಿಯದೆ ಮುಗಿದುಹೋಗುತ್ತೇನೆ ಎಂಬ ಭಯ.

ಮೂವತ್ತೆಂಟನೇ ದಿನ, ಸೋಮವಾರ, ಊರಿಗೆ ಹೊಸ ಕಾನೂನು ಬಂತು. ಹೊಗೆಯಲ್ಲಿ ಗಾಡಿಗಳು ಗುದ್ದಾಡಿಕೊಂಡು ಸಾಕಾಗಿ ಬೆಟ್ಟದ ರಸ್ತೆಯನ್ನು ಮುಚ್ಚಿಬಿಟ್ಟಿದ್ದರು. ಬೆಳಿಗ್ಗೆ ಐದಕ್ಕೆ ಮಾತ್ರ, ಮುಂದೆ ಪೊಲೀಸ್ ಜೀಪು, ಹಿಂದೆ ಸರ್ಕಾರದ ಬಸ್ಸುಗಳು. ಉಸಿರಿನ ತೊಂದರೆ ಇದ್ದವರಿಗೆ ಒಂದು ಸೀಟು, ಜೊತೆಗೊಬ್ಬರಿಗೆ ಒಂದು ಸೀಟು. ಪಾಸು ಬೇಕು, ಪಾಸಿಗೆ ಡಾಕ್ಟರ ಚೀಟಿ ಬೇಕು, ಬಿಳಿ ಹಿನ್ನೆಲೆಯ ಫೋಟೋ ಬೇಕು. ಫೋಟೋ ಇಲ್ಲದೆ ಹತ್ತಿದ್ದ ಇಬ್ಬರನ್ನು ತಪಾಸಣೆಯ ಗೇಟಿನಲ್ಲಿ ಇಳಿಸಿದ್ದರು, ಅವರು ಅದೇ ಹೊಗೆಯಲ್ಲಿ ವಾಪಸ್ ನಡೆದು ಬಂದಿದ್ದರು. ಕೊನೆಯ ಬಸ್ಸುಗಳು ಶುಕ್ರವಾರ ಬೆಳಿಗ್ಗೆ. ಅರ್ಜಿ ಕೊಡಲು ಗುರುವಾರ ಸಂಜೆ ಏಳರವರೆಗೆ ಸಮಯ. ಪಾಸಿನ ಕೌಂಟರನ್ನು ಎಲ್ಲಿ ತೆರೆದರು ಅಂತೀರಿ? ಇದೇ ಕಟ್ಟಡದ ನೆಲಮಹಡಿಯಲ್ಲಿ, ಖಾಲಿ ಬಿದ್ದಿದ್ದ ಬಟ್ಟೆ ಅಂಗಡಿಯಲ್ಲಿ.

ಅಲ್ಲಿಂದ ಮೂರು ದಿನ ಇಡೀ ಊರು ಗದ್ದಪ್ಪನ ಮೆಟ್ಟಿಲು ಹತ್ತಿತು. ಬೆಳಗಿನಿಂದ ಮಧ್ಯಾಹ್ನದವರೆಗೆ ಬಿಳಿ ಪರದೆ, ಎರಡು ದೊಡ್ಡ ಲೈಟು, ಗದ್ದ ಸ್ವಲ್ಪ ಮೇಲೆ. ಗಂಡ ಹೆಂಡತಿ, ತಾಯಿ ಮಗಳು, ಅಜ್ಜ ಮೊಮ್ಮಗ, ಹೀಗೆ ಜೋಡಿ ಜೋಡಿಯಾಗಿ ಬಂದರು. ದರ್ಜಿಯೂ ಅವನ ಅತ್ತೆಯೂ, ಹೊಗೆ ಬಂದ ಮೇಲೆ ಒಂದು ಮಾತೂ ಆಡದಿದ್ದವರು, ಅಕ್ಕಪಕ್ಕ ಕೂತು ತೆಗೆಸಿಕೊಂಡು ಬುಧವಾರದ ಬಸ್ಸಿಗೆ ಹೋದರು. ಗದ್ದಮ್ಮ ಪ್ರಿಂಟು ತೆಗೆದು, ಕತ್ತರಿಸಿ, ಸಣ್ಣ ಕವರಿಗೆ ತುಂಬಿ ಕೊಟ್ಟಳು. ಅವಳ ಅರ್ಜಿ ಸೋಮವಾರವೇ ತುಂಬಿ ಮೇಜಿನ ಖಾನೆಯಲ್ಲಿತ್ತು. ಅವಳ ಫೋಟೋ ಮಾತ್ರ ಇರಲಿಲ್ಲ. ನಿಂದೇನು ಬಿಡು, ಮನೇಲೇ ಇದೀಯಲ್ಲ, ಯಾವಾಗ ಬೇಕಾದ್ರೂ ತೆಗೆದ್ರಾಯ್ತು ಎಂದು ಗದ್ದಪ್ಪ ಹೇಳುತ್ತಿದ್ದ. ಅವಳಿಗೂ ಹಾಗೇ ಅನ್ನಿಸಿತ್ತು. ಫೋಟೋದವನ ಹೆಂಡತಿ ಫೋಟೋಕ್ಕೆ ಸಾಲು ನಿಲ್ಲುವುದುಂಟೇ.

ಗದ್ದಪ್ಪ ಗುರುವಾರದವರೆಗೂ ಎಳೆದದ್ದಕ್ಕೆ ಇನ್ನೊಂದು ಕಾರಣವಿತ್ತು. ತಾರಸಿಯಿಂದ ನೋಡಿದರೆ ಪಶ್ಚಿಮದ ದಿಣ್ಣೆಯ ಮೇಲೆ ಎರಡು ನೀರಿನ ಟ್ಯಾಂಕುಗಳು ಕಾಣುತ್ತವೆ, ಎತ್ತರದ ಕಂಬಗಳ ಮೇಲೆ, ಒಂದರ ಪಕ್ಕ ಒಂದು. ಸೂರ್ಯ ಇಳಿಯುವ ಜಾಗ ದಿನದಿನಕ್ಕೂ ಒಂಚೂರು ಸರಿಯುತ್ತ ಆ ಎರಡು ಟ್ಯಾಂಕುಗಳ ನಡುವಿನ ಸಂದಿನತ್ತ ಬರುತ್ತಿತ್ತು. ಗುರುವಾರ ಸಂಜೆ ಸರಿಯಾಗಿ ನಡುವೆ ಬರುತ್ತಾನೆ. ಬೇರೆ ವರ್ಷವಾದರೆ ಕಣ್ಣು ಕುಕ್ಕುವ ಬೆಳಕಿನಲ್ಲಿ ಏನೂ ಕಾಣುವುದಿಲ್ಲ. ಈ ವರ್ಷ ಹೊಗೆಯ ದಯೆಯಿಂದ ದುಂಡಗಿನ ಬಿಲ್ಲೆ ಎರಡು ಟ್ಯಾಂಕುಗಳ ನಡುವೆ ಕೂತದ್ದು ಹಾಗೇ ಸಿಗುತ್ತದೆ. ಅದೊಂದನ್ನು ತೆಗೆದುಬಿಟ್ಟರೆ ಸಾಕು ಕಣೇ, ಆಮೇಲೆ ನೀನು ಎಲ್ಲಿಗೆ ಅಂದ್ರೆ ಅಲ್ಲಿಗೆ ಬರ್ತೀನಿ ಎಂದಿದ್ದ. ಅವನ ಮುಖದಲ್ಲಿ ಅಂಥ ಆಸೆಯನ್ನು ಅವಳು ಮದುವೆಯಾದ ಮೇಲೆ ನೋಡಿದ್ದೇ ಇಲ್ಲ. ಸರಿ ಎಂದಿದ್ದಳು. ತಪ್ಪು ಅವಳದೂ ಇತ್ತು ಅನ್ನಿ.

ಗುರುವಾರ ಅವಳ ಫೋಟೋ ಮಧ್ಯಾಹ್ನ ತೆಗೆಯುವುದೆಂದು ಮಾತಾಯಿತು. ಹನ್ನೆರಡೂವರೆಗೆ ಕರೆಂಟು ಹೋಯಿತು. ಇನ್ವರ್ಟರಿನಲ್ಲಿ ಕಂಪ್ಯೂಟರು, ಪ್ರಿಂಟರು ನಡೆಯುತ್ತವೆ, ದೊಡ್ಡ ಲೈಟುಗಳು ಹತ್ತುವುದಿಲ್ಲ. ಕಿಟಕಿಯ ಬೆಳಕಿಗೆ ತೆಗೆಯೋಣವೆಂದರೆ ಕಿಟಕಿಗೆಲ್ಲ ಟೇಪು ಬಡಿದು ಹಲಗೆ ನಿಲ್ಲಿಸಿತ್ತು. ಪರದೆಯನ್ನು ತಾರಸಿಗೆ ಒಯ್ಯೋಣವೆಂದರೆ ಅದು ಗೋಡೆಗೆ ಮೊಳೆ ಹೊಡೆದು ಬಿಗಿದದ್ದು. ಕ್ಯಾಮೆರಾದ ಸಣ್ಣ ಫ್ಲಾಶು ಹದಿನೈದು ದಿನದ ಹಿಂದೆಯೇ ಕೈಕೊಟ್ಟಿತ್ತು. ಮೊಬೈಲಿನಲ್ಲಿ ತೆಗೆದರೆ ಹಿಂದಿನ ಗೋಡೆಯ ಮೇಲೆ ನೆರಳು ಬೀಳುತ್ತದೆ, ನೆರಳು ಬಿದ್ದದ್ದನ್ನು ಕೌಂಟರಿನ ಗುಮಾಸ್ತ ನಿರ್ದಾಕ್ಷಿಣ್ಯವಾಗಿ ವಾಪಸ್ ಕಳಿಸುತ್ತಿದ್ದ. ಕರೆಂಟು ಬರುತ್ತೆ, ಬರುತ್ತೆ ಎಂದು ಕಾದರು. ಮೂರಾಯಿತು, ನಾಲ್ಕಾಯಿತು. ಐದಕ್ಕೆ ಗದ್ದಪ್ಪ ಕಾಯುವುದನ್ನು ಬಿಟ್ಟು ಕ್ಯಾಮೆರಾ ಎತ್ತಿಕೊಂಡು ಮೇಲೆ ಹೋದ. ಆ ದಿನ ಗಿರಾಕಿಗಳನ್ನು ಬರಬೇಡಿ ಎಂದಿದ್ದ. ಆ ಸಂಜೆ ಅವನೊಬ್ಬನದು.

ಐದೂಮುಕ್ಕಾಲಿಗೆ ಮೇಲಿನಿಂದ ಕೂಗಿದ. ಅವಳು ಒಂದು ಕೈಯಲ್ಲಿ ಸ್ಟೂಲು ಹಿಡಿದು, ಇನ್ನೊಂದು ಕೈಯನ್ನು ಗೋಡೆಗೆ ಕೊಟ್ಟು, ಹದಿನೆಂಟು ಮೆಟ್ಟಿಲನ್ನು ನಾಲ್ಕು ಕಡೆ ನಿಂತು ಹತ್ತಿದಳು. ತಾರಸಿಯ ಆ ತುದಿಯಲ್ಲಿ ಹಳೆಯ ಮೇಜಿನ ಮೇಲೆ ಕ್ಯಾಮೆರಾ, ಮೊಳಕೈಯುದ್ದದ ಲೆನ್ಸು. ಈ ತುದಿಯಲ್ಲಿ ಮೋಟುಗೋಡೆಯ ಹತ್ತಿರ ಸೀಮೆಸುಣ್ಣದಲ್ಲಿ ಒಂದು ಗುರುತು. ಅವಳು ಅಲ್ಲಿ ನಿಂತರೆ ತಲೆ ಸರಿಯಾಗಿ ಎರಡು ಟ್ಯಾಂಕುಗಳ ನಡುವೆ ಬರುತ್ತದೆ, ಸೂರ್ಯ ಅವಳ ತಲೆಯ ಹಿಂದೆ ಕೂರುತ್ತಾನೆ. ಮೂರು ದಿನದಿಂದ ಅಳೆದು ಅಳೆದು ಹಾಕಿದ ಗುರುತು.

ಅವಳು ಗುರುತಿನ ಮೇಲೆ ಸ್ಟೂಲು ಇಟ್ಟು ಕೂತುಬಿಟ್ಟಳು. ಸೂರ್ಯ ಟ್ಯಾಂಕಿನ ಅಂಚಿಗೆ ಬಂದಿದ್ದ. ಆಕಾಶ ಅವಳು ಈ ನಲವತ್ತೊಂದು ದಿನದಲ್ಲಿ ಒಮ್ಮೆಯೂ ನೋಡದ ಬಣ್ಣದಲ್ಲಿತ್ತು, ಅದನ್ನು ಅವಳೂ ಒಪ್ಪಿಕೊಳ್ಳಬೇಕು.

“ಎದ್ದು ನಿಂತ್ಕೊಳೇ. ಗದ್ದ ಸ್ವಲ್ಪ ಮೇಲೆ.”

“ರೀ, ಇವತ್ತು ನನ್ನ ಮುಖಕ್ಕೆ ಲೈಟ್ ಇಡಿ.”

ಅವನಿಗೆ ಅರ್ಥವಾಗಲಿಲ್ಲ. ಅವಳು ಉಸಿರು ಎಳೆದುಕೊಂಡು ಮತ್ತೆ ಹೇಳಿದಳು. ಹಿಂದೆ ಆಕಾಶ ಬೆಳ್ಳಗಾಗುತ್ತದಲ್ಲ, ಪಾಸಿಗೆ ಬೇಕಾದದ್ದು ಅದೇ ಬಿಳಿ. ಕೌಂಟರು ಮುಚ್ಚಲು ಇನ್ನು ಒಂದೇ ಗಂಟೆ. ಗದ್ದಪ್ಪನಿಗೆ ಈಗ ಅರ್ಥವಾಯಿತು, ಅರ್ಥವಾಗಿ ಅವನು ಒದ್ದಾಡಿಹೋದ. ಇದೊಂದು ತೆಗೆದುಬಿಡ್ತೀನಿ, ಆಮೇಲೆ ನಿಂದೇ ಎಂದ. ಆಮೇಲೆ ಬೆಳಕಿರುವುದಿಲ್ಲ, ನಿಮಗೂ ಗೊತ್ತು ಎಂದಳು.

“ಮುಖಕ್ಕೆ ಇಟ್ರೆ ಆಕಾಶ ಹೋಗತ್ತೆ ಕಣೇ.”

“ಹೋಗ್ಲಿ.”

ಅಷ್ಟೇ ಹೇಳಿ ಅವಳು ಕೈ ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಏಳುವ ಲಕ್ಷಣ ಕಾಣಲಿಲ್ಲ. ಸರಿ ಮಾರಾಯ್ತಿ, ಒಂದೇ ಒಂದು ತೆಗೀತೀನಿ, ಆಮೇಲೆ ಎದ್ದು ನಿಲ್ಲಬೇಕು ಎಂದು ಗೊಣಗುತ್ತ ಅವನು ಡಯಲನ್ನು ಗರಗರನೆ ತಿರುಗಿಸಿದ. ಕ್ಯಾಮೆರಾದ ಹಿಂದಿನ ಸಣ್ಣ ಪರದೆಯಲ್ಲಿ ಕೆಂಪು ಕಿತ್ತಳೆಯಾಯಿತು, ಕಿತ್ತಳೆ ಹಳದಿಯಾಯಿತು, ಹಳದಿ ತೊಳೆದುಹೋಗಿ ಬಿಳಿಯಾಯಿತು. ಟ್ಯಾಂಕುಗಳು ಮಾಯವಾದವು. ಕಪ್ಪು ಆಕೃತಿಯ ಒಳಗಿನಿಂದ ಒಂದು ಮುಖ ಮೇಲೆದ್ದು ಬಂತು.

ಉದ್ದನೆಯ ಲೆನ್ಸು ಅವಳ ಮುಖವನ್ನು ಅವನ ಕಣ್ಣೆದುರಿಗೇ ತಂದು ಇಟ್ಟಿತ್ತು. ತುಟಿಗಳು ಶಾಯಿ ಕುಡಿದವರ ಹಾಗೆ ನೀಲಿ. ಕೆನ್ನೆ ಒಳಗೆ ಹೋಗಿ ಮೂಳೆ ಎದ್ದಿದೆ. ಒಂದೊಂದು ಉಸಿರಿಗೂ ಕುತ್ತಿಗೆಯ ಗುಳಿ ಒಳಕ್ಕೆ ಸೆಳೆದುಕೊಳ್ಳುತ್ತಿದೆ. ಡಯಲನ್ನು ವಾಪಸ್ ತಿರುಗಿಸಲು ಎರಡು ಸೆಕೆಂಡು ಸಾಕಿತ್ತು. ಸೂರ್ಯ ಸಂದಿನಲ್ಲಿ ಸರಿಯಾಗಿ ಕೂತಿದ್ದ, ಇನ್ನೂ ಮೂರು ನಿಮಿಷ ಇರುತ್ತಿದ್ದ. ಗದ್ದಪ್ಪ ತಿರುಗಿಸಲಿಲ್ಲ. ಬಾಗಿದವನು ಬಾಗಿದ ಹಾಗೇ ಆ ಪರದೆಯನ್ನು ನೋಡುತ್ತ ನಿಂತ. ಕ್ಲಿಕ್ ಅಂತು. ಇನ್ನೊಂದು ಸಲ ಕ್ಲಿಕ್ ಅಂತು. ಆಮೇಲೆ ಅವನು ಮೇಜಿನ ಕಾಲ ಬಳಿ ಕುಸಿದು ಕೂತ. ಸೂರ್ಯ ತನ್ನ ಪಾಡಿಗೆ ತಾನು ಹೊಗೆಯಲ್ಲಿ ಕರಗಿಹೋದ.

“ನಂಗೆ ಕಾಣ್ಲೇ ಇಲ್ವಲ್ಲೇ,” ಎಂದ.

ಸಮಾಧಾನ ಹೇಳುವಷ್ಟು ಉಸಿರು ಅವಳಲ್ಲಿ ಇರಲಿಲ್ಲ. ಇದ್ದಿದ್ದರೂ ಹೇಳುತ್ತಿದ್ದಳೋ ಇಲ್ಲವೋ.

ಕೆಳಗೆ ಬಂದು ಕಂಪ್ಯೂಟರಿಗೆ ಕೂತರು. ಅಭ್ಯಾಸ ನೋಡಿ, ಅವಳ ಕೈ ತಂತಾನೇ ತುಟಿಯ ಮೇಲೆ ಹೋಗಿ ಕೆಂಪು ತುಂಬಲು ಹೊರಟಿತು. ಒಂದು ಗಳಿಗೆ ಹಾಗೇ ನಿಂತು, ಬೇಡ, ಇರಲಿ ಎಂದು ಪ್ರಿಂಟು ಕೊಟ್ಟಳು. ಎರಡು ಪ್ರತಿ. ಕತ್ತರಿಸಿದಳು. ಅರ್ಜಿ ಖಾನೆಯಿಂದ ಹೊರಗೆ ಬಂತು. ಗದ್ದಪ್ಪ ಅವಳ ತೋಳು ಹಿಡಿದು ಮೂರು ಮಹಡಿ ಇಳಿಸಿದ. ಪ್ರತಿ ತಿರುವಿನಲ್ಲೂ ಅವನೇ ನಿಲ್ಲುತ್ತಿದ್ದ. ನಿನಗೆ ಸುಸ್ತಾಗತ್ತೆ, ನಿಲ್ಲೋಣ ಎನ್ನುತ್ತಿದ್ದ. ಈಗಲಾದರೂ ಬುದ್ಧಿ ಬಂತಲ್ಲ ಎಂದುಕೊಂಡಳು, ಎಷ್ಟೋ ದಿನದ ಮೇಲೆ ಅವಳ ಎದೆ ಹಗುರವಾಗಿತ್ತು.

ಕೌಂಟರಿನಲ್ಲಿ ಎಮರ್ಜೆನ್ಸಿ ಲೈಟು ಉರಿಯುತ್ತಿತ್ತು. ಸಾಲು ಮುಗಿದಿತ್ತು. ಏಳಕ್ಕೆ ಎಂಟು ನಿಮಿಷ. ಗುಮಾಸ್ತ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಕೆಮ್ಮಿ, ಮತ್ತೆ ಏರಿಸಿಕೊಂಡು, ಅರ್ಜಿ ಬಿಡಿಸಿದ. ಫೋಟೋ ನೋಡಿದ, ತಲೆಯೆತ್ತಿ ಅವಳನ್ನು ನೋಡಿದ, ಮತ್ತೆ ಫೋಟೋ ನೋಡಿದ. ಒಂದು ಪ್ರಶ್ನೆಯನ್ನೂ ಕೇಳದೆ ಒಂದು ಪ್ರತಿಯನ್ನು ಪಾಸಿಗೆ ಅಂಟಿಸಿ, ಮೊದಲನೇ ಬಸ್ಸು, ಮುಂದಿನ ಸೀಟು ಎಂದು ಬರೆದು, ಸೀಲು ಒತ್ತಿ ಅವಳ ಕೈಗೆ ಕೊಟ್ಟ. ಆಮೇಲೆ ಅರ್ಜಿಯ ಹಿಂಬದಿ ತಿರುಗಿಸಿದ. ಅಲ್ಲಿ ಗದ್ದಮ್ಮನ ಕೈಬರಹದಲ್ಲೇ ಗಂಡನ ಹೆಸರಿತ್ತು, ಅಪ್ಪ ಅಮ್ಮ ಇಟ್ಟದ್ದು. ಪಕ್ಕದ ಚೌಕ ಖಾಲಿ.

“ಜೊತೆಗೆ ಬರೋರ ಫೋಟೋ?”

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಗಬೇಕೋ ಅಳಬೇಕೋ ನೀವೇ ಹೇಳಿ. ಮೂರು ದಿನದಲ್ಲಿ ಊರಿನ ಅರ್ಧ ಜನರನ್ನು ಜೋಡಿ ಜೋಡಿಯಾಗಿ ಕೂರಿಸಿ ತೆಗೆದವನು, ಆ ಜೋಡಿಗಳನ್ನು ಜೋಡಿಯಾಗಿಯೇ ಕವರಿಗೆ ತುಂಬಿದವಳು, ಇಬ್ಬರಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ. ಕ್ಯಾಮೆರಾದ ಹಿಂದೆ ನಿಂತವನಿಗೂ ಒಂದು ಮುಖವಿದೆ ಎನ್ನುವುದು ಆ ಮನೆಯಲ್ಲಿ ಯಾರಿಗೂ ನೆನಪಿಗೆ ಬರುತ್ತಿದ್ದ ಸಂಗತಿಯೇ ಅಲ್ಲ.

ಗುಮಾಸ್ತ ಕೆಟ್ಟವನಲ್ಲ. ನೆರಳು ಬಿದ್ದಿದ್ರೂ ಪರವಾಗಿಲ್ಲ, ಮೊಬೈಲಿನಲ್ಲೇ ಹೊಡೆದು ಪ್ರಿಂಟ್ ತಂದುಬಿಡಿ, ಏಳೂ ಹತ್ತರವರೆಗೆ ಪಟ್ಟಿ ಕಳಿಸದೆ ಹಿಡಿದಿರುತ್ತೇನೆ ಎಂದ. ಗದ್ದಪ್ಪ ಹೆಂಡತಿಯನ್ನು ಬೆಂಚಿನ ಮೇಲೆ ಕೂರಿಸಿ, ಐದೇ ನಿಮಿಷ, 'ಹೂಂ' ಅನ್ನುವಷ್ಟರಲ್ಲಿ ಬಂದೆ ಎಂದು ಮೆಟ್ಟಿಲ ಕಡೆ ಓಡಿದ. ಎರಡೆರಡು ಮೆಟ್ಟಿಲು ಹಾರಿ ಹೋಗುವ ಸದ್ದು ಅವಳಿಗೆ ಕೇಳಿಸಿತು.

ಏಳಾಯಿತು. ಗುಮಾಸ್ತ ಸೀಲನ್ನು ಡಬ್ಬಿಗೆ ಹಾಕಿದ. ಏಳೂ ಐದು. ಅವಳು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು, ಈಗ ಗೋಡೆಗೆ ನಿಂತಿರುತ್ತಾರೆ, ಈಗ ಪ್ರಿಂಟರು ಸದ್ದು ಮಾಡುತ್ತಿರುತ್ತದೆ, ಈಗ ಕತ್ತರಿ ಹುಡುಕುತ್ತಿರುತ್ತಾರೆ, ಕತ್ತರಿ ಎಡಗಡೆಯ ಖಾನೆಯಲ್ಲಿದೆ ಎಂದು ಹೇಳಬೇಕಿತ್ತು. ಏಳೂ ಹತ್ತು. ಗುಮಾಸ್ತನಿಗೆ ಮೇಲಿನವರ ಫೋನು ಬಂತು, ಅವನು ಇನ್ನೊಂದೇ ನಿಮಿಷ ಸಾರ್ ಎಂದ. ಅವಳು ಗಂಡನಿಗೆ ಫೋನು ಹಚ್ಚಿದಳು.

ರಿಂಗು ಮೂರನೇ ಮಹಡಿಯಿಂದ ಬರಲಿಲ್ಲ. ಇಲ್ಲೇ, ತಲೆಯ ಮೇಲೆ, ಮೆಟ್ಟಿಲ ಕತ್ತಲೆಯಲ್ಲಿ ಕೇಳಿಸಿತು. ಎತ್ತುವವರಿಲ್ಲದೆ ಅದು ಪೂರ್ತಿ ಹೊಡೆದುಕೊಂಡು ನಿಂತಿತು.

ಅವಳು ಎದ್ದಳು. ಹನ್ನೊಂದು ಮೆಟ್ಟಿಲು. ಮೊದಲನೇ ತಿರುವಿನಲ್ಲಿ ನೆಲದ ಮೇಲೆ ಮೊಬೈಲಿನ ಬೆಳಕು ಬಿದ್ದಿತ್ತು, ಆ ಬೆಳಕಿಗೆ ಬೆನ್ನು ಮಾಡಿ ಒಂದು ಕಪ್ಪು ಆಕೃತಿ ಕೂತಿತ್ತು. ಒಂದು ಕೈ ಗೋಡೆಯ ಮೇಲೆ. ಭುಜಗಳು ಕಿವಿಯ ಹತ್ತಿರ. ಬಾಯಿ ತೆರೆದಿದೆ. ಆ ಭಂಗಿ ಅವಳಿಗೆ ಚೆನ್ನಾಗಿ ಗೊತ್ತಿತ್ತು, ಇಪ್ಪತ್ತೇಳನೇ ದಿನದ್ದು. ಇಳಿಯುವಾಗ ತಿರುವು ತಿರುವಿಗೂ ನಿಂತದ್ದು ತನಗಾಗಿ ಅಲ್ಲ ಎಂದು ಅವಳಿಗೆ ಆಗ ತಿಳಿಯಿತು. ಬಚ್ಚಲಿನ ನಲ್ಲಿಯೂ ತಿಳಿಯಿತು.

“ನಲ್ಲಿ ಬಿಟ್ಕೊಂಡು ಕೆಮ್ತಿದ್ರಾ?”

ಅವನು ತಲೆಯಾಡಿಸಿದ. ಒಂದೊಂದೇ ಮಾತನ್ನು ಎಳೆದೆಳೆದು, ಹೇಳಿದ್ರೆ ನೀನು ತಾರಸಿಗೆ ಬಿಡ್ತಿರ್ಲಿಲ್ಲ ಎಂದ. ಫೋಟೋಗಳಲ್ಲಿ ತನ್ನನ್ನು ದಿನಾ ಎಣಿಸಿಕೊಂಡು ಕೂತವಳು, ಇವನಿಗೆ ನನ್ನ ಮುಖ ಕಾಣಲಿಲ್ಲ ಎಂದು ಹಲ್ಲು ಕಚ್ಚಿದವಳು, ನಲವತ್ತೊಂದು ದಿನದಲ್ಲಿ ಒಂದು ಸಲವಾದರೂ ಅವನನ್ನು ನೋಡಿದ್ದಳೇ? ಕೆಳಗೆ ಗುಮಾಸ್ತ ಅಮ್ಮಾ, ಅಮ್ಮಾ ಎಂದು ಎರಡು ಸಲ ಕರೆದ. ಅವಳು ಬಂದೆವು ಎಂದು ಕೂಗಲು ಹೋದಳು, ದನಿ ಹೊರಡಲಿಲ್ಲ. ಸ್ವಲ್ಪ ಹೊತ್ತಿಗೆ ಷಟರು ಗರಗರನೆ ಎಳೆದ ಸದ್ದು, ಬೀಗ ಹಾಕಿದ ಸದ್ದು ಕೇಳಿಸಿತು.

ಅವಳು ಅವನ ಹಿಂದಿನ ಮೆಟ್ಟಿಲ ಮೇಲೆ ಕೂತು, ಅವನ ತಲೆಯನ್ನು ತನ್ನ ಮೊಣಕಾಲಿಗೆ ಒರಗಿಸಿಕೊಂಡು, ಗದ್ದದ ಕೆಳಗೆ ಅಂಗೈ ಕೊಟ್ಟಳು.

“ಗದ್ದ ಸ್ವಲ್ಪ ಮೇಲೆ,” ಎಂದಳು. “ಹಾಂ, ಹಾಗೆ. ಎಳ್ಕೊಳ್ಳಿ.”

ಅವನು ಉಸಿರು ಎಳೆದುಕೊಂಡ. ಅವಳೂ ಎಳೆದುಕೊಂಡಳು. ಆಮೇಲೆ ಅವನು ಕೆಮ್ಮಿದ, ಅವಳ ಎದುರಿಗೆ ಮೊದಲನೇ ಸಲ, ಮುಚ್ಚಿಡದೆ, ಇಡೀ ಕಟ್ಟಡಕ್ಕೆ ಕೇಳುವ ಹಾಗೆ. ಒದ್ದೆ ಚೀಲ ಹರಿದಂಥ ಆ ಕೆಮ್ಮನ್ನು ಇನ್ನು ಮೇಲೆ ಅವಳು ಎಲ್ಲಿದ್ದರೂ ಗುರುತು ಹಿಡಿಯಬಲ್ಲಳು. ಬಸ್ಸು ಬೆಳಿಗ್ಗೆ ಐದಕ್ಕೆ. ಅವಳ ಇನ್ನೊಂದು ಕೈಯಲ್ಲಿ ಪಾಸಿತ್ತು, ಪಾಸಿನ ಮೇಲೆ ಒಂದೇ ಫೋಟೋ ಇತ್ತು.